ಮೊಣಕಾಲಿಗೆ ಕಟ್ಟಿದ ನೇಮ

ಜಮಖಂಡಿ
೪ ಆಗಸ್ಟ್ ೨೦೨೪

ಪ್ರೀತಿಯ ಬ್ರಾಹ್ಮಿ,

ಒಂದು ಮಾತನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದು ಲಕೋಟೆಗೆ ಹಾಕಿದ್ದೆ. ಅಂಟಿಸುವ ಮುನ್ನ ಹೊರಗೆ ತೆಗೆದು ಹರಿದು, ಈಗ ಹೊಸ ಹಾಳೆಯಲ್ಲಿ ಶುರುಮಾಡಿದ್ದೇನೆ. ಬಿಟ್ಟ ಮಾತನ್ನೇ ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮಳೆ, ನನ್ನ ಕಾಲೇಜಿನ ಕೆಲಸ, ಬನಹಟ್ಟಿಯ ಬಸ್ಸು ಎಂದು ಬರೆಯುತ್ತ ಮತ್ತೆ ಅದರ ಪಕ್ಕದಿಂದಲೇ ಹಾದುಹೋಗುತ್ತೇನೆ.

ಅಜ್ಜಿ ಬೆಲ್ಲ ಬಿಟ್ಟಿದ್ದಾರೆ.

ನಿನ್ನ ಮೊಣಕಾಲಿನ ಸ್ಕ್ಯಾನ್ ಮಾಡಿಸಿಕೊಂಡು ನಾನು ಬೆಳಗಾವಿಯಿಂದ ಬಂದ ಮರುದಿನ ಅವರು ಬಸದಿಗೆ ಹೋಗಿ ನೇಮ ಹಿಡಿದು ಬಂದರು. ನೀನು ಮತ್ತೆ ಮ್ಯಾಟಿನ ಮೇಲೆ ಕಾಲಿಟ್ಟು ಕುಸ್ತಿ ಆಡುವವರೆಗೆ ಬೆಲ್ಲವನ್ನೂ ಬೆಲ್ಲದಿಂದ ಮಾಡಿದ್ದನ್ನೂ ಮುಟ್ಟುವುದಿಲ್ಲವಂತೆ. ನಮ್ಮ ಜೈನರ ಮನೆಗಳಲ್ಲಿ ಒಬ್ಬರಲ್ಲ ಒಬ್ಬರು ಏನನ್ನಾದರೂ ಬಿಡುತ್ತಲೇ ಇರುತ್ತಾರೆ, ಅದೇನು ದೊಡ್ಡ ಸುದ್ದಿಯಲ್ಲ. ಆದರೆ ಇದು ನಿಮ್ಮಜ್ಜಿ ಮತ್ತು ಬೆಲ್ಲ. ಊಟದ ಕೊನೆಗೆ ಒಂದು ಚೂರು ಬಾಯಿಗೆ ಬೀಳದಿದ್ದರೆ ಕೈ ತೊಳೆಯಲು ಏಳದವರು. ಈಗ ಊಟವಾದ ಮೇಲೆ ಸುಮ್ಮನೆ ತಟ್ಟೆ ನೋಡುತ್ತ ಕೂರುತ್ತಾರೆ, ಆಮೇಲೆ ಎದ್ದು ಹೋಗುತ್ತಾರೆ.

ನಿನಗೆ ಹೇಳಬೇಡ ಎಂದು ಅವರೇನೂ ಹೇಳಿರಲಿಲ್ಲ. ಮುಚ್ಚಿಡಬೇಕು ಎಂದುಕೊಂಡವಳು ನಾನು. ನಿನ್ನ ಕಾಲಿನ ಮೇಲೆ ಈಗಿರುವ ಭಾರವೇ ಸಾಕು ಅನಿಸಿತ್ತು. ಆಮೇಲೆ, ಮನೆಯಲ್ಲಿ ನಡೆಯುವುದನ್ನೇ ಮುಚ್ಚಿಟ್ಟು ನಿನಗೆ ಧೈರ್ಯ ಹೇಳುವುದು ಎಂಥ ಧೈರ್ಯ ಎಂದೂ ಅನಿಸಿತು. ಯಾವುದು ಸರಿಯೋ ಈಗಲೂ ತಿಳಿದಿಲ್ಲ.

ಡಾಕ್ಟರ್ ಹೇಳಿದ್ದು ನೆನಪಿರಲಿ. ಮೊಣಕಾಲನ್ನು ಹಿಡಿದಿಡುವ ಕಟ್ಟು, ಆ ಲಿಗಮೆಂಟ್, ಪೂರ್ತಿ ಹರಿದಿಲ್ಲ. ಮೂರು ತಿಂಗಳು ಫಿಸಿಯೊಥೆರಪಿ ಮಾಡಿ ನೋಡೋಣ; ಮೊಣಕಾಲು ಗಟ್ಟಿಯಾದರೆ ಸರಿ, ಜಾರತೊಡಗಿದರೆ ಆಪರೇಷನ್ ಬಗ್ಗೆ ಯೋಚಿಸೋಣ ಎಂದರು. ಅವರ ಮಾತು ಮುಗಿಯುವ ಮೊದಲೇ ನಾನು "ಫಿಸಿಯೊಥೆರಪಿನೇ ಸಾಕಲ್ರಿ ಡಾಕ್ಟರ್" ಎಂದೆ. ನೀನು ನನ್ನ ಕಡೆ ತಿರುಗಿ ನೋಡಿದೆ. ಆ ನೋಟದ ಅರ್ಥವನ್ನು ಕೇಳಬೇಕೆಂದಿದ್ದೆ, ಧಾರವಾಡದ ಬಸ್ಸು ಬಂತು.

ಭಾನುವಾರ ಸಂಜೆ ವಾರ್ಡನ್ ನಿಮ್ಮ ಫೋನು ಕೈಗೆ ಕೊಟ್ಟಾಗ ನಿನ್ನ ಸುತ್ತ ಇಡೀ ಹಾಸ್ಟೆಲೇ ನಿಂತಿರುತ್ತದೆ. ಆದ್ದರಿಂದ ಬರೆದೇ ಹೇಳು. ಇಂಗ್ಲಿಷ್ ಮಾಧ್ಯಮದ ನನ್ನ ಕನ್ನಡವನ್ನು ನೋಡಿ ನಗಬೇಡ. ನಿನ್ನ ಪತ್ರಗಳನ್ನು ಅಜ್ಜಿಗೆ ಓದಿ ಹೇಳುವವಳೂ ನಾನೇ.

ನಿನ್ನ,
ಮಮ್ಮಿ

*

ಧಾರವಾಡ
೧೩ ಆಗಸ್ಟ್ ೨೦೨೪

ಪ್ರೀತಿಯ ಮಮ್ಮಿ,

ಅಜ್ಜಿ ಬೆಲ್ಲ ಬಿಟ್ಟದ್ದನ್ನು ಓದಿ ನಗು ಬಂತು. ಆಮೇಲೆ ಬರಲಿಲ್ಲ.

ಇಲ್ಲಿ ಫಿಸಿಯೊಥೆರಪಿ ಸುವರ್ಣಾ ಮೇಡಮ್ ಕೈಯಲ್ಲಿದೆ. ಟವೆಲನ್ನು ಸುರುಳಿ ಸುತ್ತಿ ಮೊಣಕಾಲಿನ ಕೆಳಗಿಟ್ಟು ಒತ್ತುವುದು, ಬಿಡುವುದು. ಮತ್ತೆ ಒತ್ತುವುದು. ಎದುರಾಳಿಯನ್ನು ಎತ್ತಿ ಒಗೆಯುತ್ತಿದ್ದವಳು ಈಗ ಟವೆಲಿನ ಜೊತೆ ಕುಸ್ತಿ ಹಿಡಿದಿದ್ದೇನೆ, ಅದರಲ್ಲೂ ಟವೆಲೇ ಗೆಲ್ಲುತ್ತಿದೆ. ತೊಡೆಯ ಸ್ನಾಯು ಗಟ್ಟಿಯಾದರೆ ಅದೇ ಮೊಣಕಾಲನ್ನು ಹಿಡಿದುಕೊಳ್ಳುತ್ತದಂತೆ. "ಇದರಾಗ ಅವಸರಾ ನಡ್ಯಾಂಗಿಲ್ಲ ನೋಡವಾ" ಎಂದು ಮೇಡಮ್ ದಿನಾ ಹೇಳುತ್ತಾರೆ.

ನನ್ನ ರೂಮಿನವಳು ಗಲಗಲಿಯ ಕಾವೇರಿ, ನಾನು ಬಿದ್ದ ಮುಧೋಳದ ಕುಸ್ತಿಯಲ್ಲಿ ನೀನು ನೋಡಿದ್ದೀಯ, ಐಸ್ ಹಚ್ಚುವುದು ಅವಳ ಕೆಲಸ. "ನಿನ್ನ ಮಣಕಾಲಿಗೆ ನಡದಷ್ಟು ಸೇವಾ ನಾಳೆ ನನ್ನ ಲಗ್ನದಾಗ ನನಗೂ ನಡ್ಯಾಂಗಿಲ್ಲ ಬಿಡಲೇ" ಎಂದು ಗೊಣಗುತ್ತ ಹಚ್ಚುತ್ತಾಳೆ.

ನನ್ನ ನೋಟದ ಅರ್ಥ ಕೇಳಿದ್ದೀಯ. ಏನೂ ಇರಲಿಲ್ಲ ಮಮ್ಮಿ. ಕಾಲು ನೋಯುತ್ತಿತ್ತು.

ಅಜ್ಜಿಗೆ ಹೇಳು, ದಸರೆಗೆ ಹೋಳಿಗೆ ತಿನ್ನಿಸದಿದ್ದರೆ ನಾನು ಅನಂತಪ್ಪ ಪೈಲ್ವಾನರ ಮೊಮ್ಮಗಳೇ ಅಲ್ಲ.

ನಿನ್ನ,
ಬ್ರಾಹ್ಮಿ

*

ಜಮಖಂಡಿ
೧ ಸೆಪ್ಟೆಂಬರ್ ೨೦೨೪

ಪ್ರೀತಿಯ ಬ್ರಾಹ್ಮಿ,

ಟವೆಲಿನ ಕುಸ್ತಿ ಓದಿದಾಗ ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ದಸರೆಯ ಸಾಲು ಬಂದಾಗ ನಗಲಿಲ್ಲ. ಇನ್ನೊಮ್ಮೆ ಓದು ಎಂದರು. ಓದಿದೆ. ಎದ್ದು ಹೋಗಿ ತೊಗರಿಬೇಳೆಯ ಡಬ್ಬಿ ಅಲುಗಾಡಿಸಿ, ಎಷ್ಟಿದೆ ಎಂದು ನೋಡಿ ಬಂದರು.

ಡಾಕ್ಟರ್ ದಸರೆ ಎಂದಿರಲಿಲ್ಲ, ಬ್ರಾಹ್ಮಿ. ಮೂರು ತಿಂಗಳಾದ ಮೇಲೆ ಪರೀಕ್ಷೆ ಮಾಡಿ ನೋಡೋಣ ಎಂದಿದ್ದರು. ಅವೆರಡರ ನಡುವೆ ಬಹಳ ಅಂತರವಿದೆ. ನಿನ್ನನ್ನು ತಡೆಯುತ್ತಿದ್ದೇನೋ, ಕಾಯುತ್ತಿದ್ದೇನೋ ಎಂದು ನನಗೇ ಕೆಲವೊಮ್ಮೆ ಸ್ಪಷ್ಟವಿರುವುದಿಲ್ಲ, ಆದರೂ ಈ ಮಾತನ್ನು ಹೇಳಲೇಬೇಕು.

ನಿಮ್ಮ ಪಪ್ಪಾನನ್ನು ಕೇಳಿದರೆ "ಆಕಿ ಕಾಲು, ಆಕಿ ಡಾಕ್ಟರು, ನಡುವ ನಾ ಯಾಂವ" ಎಂದು ಚಿಮ್ಮಡದ ಹೊಲಕ್ಕೆ ಗಾಡಿ ಹತ್ತುತ್ತಾರೆ. ಸಂಜೆ ಬಂದವರೇ ಮೊದಲು ಕೇಳುವುದು ನಿನ್ನ ಪತ್ರ ಬಂತಾ ಎಂದು.

ಇಲ್ಲಿಂದ ಅಜ್ಜಿಯ ಮಾತು. ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯಬೇಕಂತೆ, ನನ್ನ ಸಾಲಿ ಕನ್ನಡ ಸೇರಿಸಬಾರದಂತೆ:

"ಯವ್ವಾ ಬ್ರಾಹ್ಮಿ, ನಾ ಅರಾಮ ಅದೇನಿ. ಹಾಲಾಗ ಬದಾಮಿ ಅರದು ಹಾಕ್ಕೊಂಡು ಕುಡಿ, ಹಾಸ್ಟೆಲ್ಲಿನ ಹಾಲು ನೀರೈತಂತ ಕೇಳೇನಿ. ನಿಮ್ಮಜ್ಜ ಭುಜಾ ಮುರಕೊಂಡು ಬಂದಾಗ ನಾ ಏನೂ ಅನ್ನಲಿಲ್ಲ, ಎಣ್ಣಿ ಕಾಸಿ ಕೊಟ್ಟೆ. ನಿನಗೂ ಏನೂ ಅನ್ನಾಂಗಿಲ್ಲ. ನನಗ ಬೆಲ್ಲ ಈಗ ನೆನಪ ಸೈತ ಆಗಾಂಗಿಲ್ಲ."

ಕೊನೆಯ ವಾಕ್ಯ ಸುಳ್ಳು. ಆದರೆ ಹೇಳಿದ ಹಾಗೆ ಬರೆದಿದ್ದೇನೆ.

ನಿನ್ನ,
ಮಮ್ಮಿ

*

ಧಾರವಾಡ
೨೨ ಸೆಪ್ಟೆಂಬರ್ ೨೦೨೪

ಪ್ರೀತಿಯ ಮಮ್ಮಿ,

ಎಲ್ಲ ಛಲೋ ನಡೆದಿದೆ. ಊತ ಇಲ್ಲ. ಮೆಟ್ಟಿಲು ಹತ್ತಿ ಇಳಿಯುತ್ತೇನೆ, ಮೈದಾನದಲ್ಲಿ ನಿಧಾನಕ್ಕೆ ಓಡುತ್ತೇನೆ. ಇನ್ನು ತಿರುವು ಹಾಕಿ ಓಡುವುದೊಂದೇ ಬಾಕಿ.

ದಸರೆಯ ಹಿಂದಿನ ಭಾನುವಾರ ಫೋನಿಗೆ ಒಂದು ವಿಡಿಯೊ ಕಳಿಸುತ್ತೇನೆ. ಅಜ್ಜಿಗೆ ತೋರಿಸು. ಬೇಳೆ ನೆನೆಹಾಕಲು ಹೇಳು.

ಅವಸರದಲ್ಲಿದ್ದೇನೆ. ಉದ್ದ ಪತ್ರ ಆಮೇಲೆ.

ಬ್ರಾಹ್ಮಿ

*

ಜಮಖಂಡಿ
೮ ಅಕ್ಟೋಬರ್ ೨೦೨೪

ಬ್ರಾಹ್ಮಿ,

ಭಾನುವಾರದಿಂದ ಹಾಸ್ಟೆಲ್ಲಿಗೆ ಫೋನು ಮಾಡುತ್ತಲೇ ಇದ್ದೇನೆ. ಮಲಗಿದ್ದೀಯ ಎನ್ನುತ್ತಾರೆ, ಇಲ್ಲವೇ ಕಾಲೇಜಿಗೆ ಹೋಗಿದ್ದೀಯ ಎನ್ನುತ್ತಾರೆ. ನಾಳೆ ಮಧ್ಯಾಹ್ನದ ಬಸ್ಸಿಗೆ ನಾನೇ ಬರುತ್ತಿದ್ದೇನೆ. ಈ ಪತ್ರವನ್ನು ಕೈಯಲ್ಲೇ ತರುತ್ತೇನೆ. ಎದುರಿಗೆ ನಿಂತಾಗ ನನಗೆ ಇದನ್ನೆಲ್ಲ ಹೇಳಲು ಆಗುವುದಿಲ್ಲ.

ವಿಡಿಯೊವನ್ನು ಅಜ್ಜಿಗೆ ತೋರಿಸಿದೆ. ಹೋಳಿಗೆ ಆಗಲೇ ತಯಾರಾಗಿತ್ತು. ದಸರೆಗಿನ್ನೂ ವಾರವಿದ್ದರೂ ಅವರಿಗೆ ತಡೆಯಲಾಗಿರಲಿಲ್ಲ. ಕನ್ನಡಕ ಹಾಕಿಕೊಂಡು, ಫೋನನ್ನು ಮಡಿಲಲ್ಲಿಟ್ಟುಕೊಂಡು ನೋಡಿದರು. ನೀನು ಕಾವೇರಿಯ ಸೊಂಟಕ್ಕೆ ಕೈ ಹಾಕುತ್ತೀಯ, ಎತ್ತುತ್ತೀಯ, ನಗುತ್ತೀಯ. ಆಮೇಲೆ ತಿರುಗುತ್ತೀಯ. ಅಲ್ಲಿಗೆ ಮುಗಿಯುತ್ತದೆ.

ಇನ್ನೊಮ್ಮೆ ಹಚ್ಚು ಎಂದರು. ಹಚ್ಚಿದೆ. ಮತ್ತೊಮ್ಮೆ ಎಂದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

"ಅಂಜನಾ, ಈಕಿ ಆ ಕಾಲ ಮ್ಯಾಲ ಭಾರಾನ ಹಾಕವಲ್ಲಳು ನೋಡು. ಇದು ಕುಸ್ತಿ ಅಲ್ಲ. ನನಗ ಬೆಲ್ಲಾ ತಿನ್ನಸಾಕ ಆಡಿದ್ದು."

ತಟ್ಟೆಯಲ್ಲಿದ್ದ ಹೋಳಿಗೆಯನ್ನು ಪಕ್ಕದ ಮನೆಯ ಸೋಮವ್ವನಿಗೆ ಕೊಟ್ಟು ಬಂದು, ಗೋಡೆಗೆ ಒರಗಿ ಕೂತರು.

ಬೆಲ್ಲದ ಮಾತನ್ನು ಆಗಸ್ಟಿನಲ್ಲಿ ನಾನು ಬರೆಯದೇ ಇದ್ದಿದ್ದರೆ ಈ ವಿಡಿಯೊ ಇರುತ್ತಿರಲಿಲ್ಲ. ಲಕೋಟೆ ಅಂಟಿಸಿಬಿಡಬೇಕಿತ್ತು.

ನನ್ನದು ಒಂದೇ ಪ್ರಶ್ನೆ. ವಿಡಿಯೊ ಅಲ್ಲಿಗೇ ಯಾಕೆ ನಿಂತಿತು?

ಮಮ್ಮಿ

*

ಧಾರವಾಡ
೨೪ ಅಕ್ಟೋಬರ್ ೨೦೨೪

ಪ್ರೀತಿಯ ಮಮ್ಮಿ,

ನೀನು ಇಲ್ಲಿ ನನ್ನ ಜೊತೆ ಇದ್ದಷ್ಟು ದಿನ ಒಂದು ಬೈಗುಳವನ್ನೂ ಬೈಯಲಿಲ್ಲ. ನನ್ನ ಬಟ್ಟೆ ಒಗೆದು ಹೋದೆ. ಬೈದಿದ್ದರೆ ಆಗಲೇ ಹೇಳಿಬಿಡುತ್ತಿದ್ದೆನೇನೋ.

ತಿರುಗಿದಾಗ ಮೊಣಕಾಲು ಒಳಗೇ ಜಾರಿತು. ತೊಡೆ ಒಂದು ಕಡೆ, ಕಾಲು ಒಂದು ಕಡೆ ಹೋದ ಹಾಗೆ. ಕಾವೇರಿ ನನ್ನನ್ನು ಹಿಡಿಯಲು ಬಂದಳು, ವಿಡಿಯೊ ತೆಗೆಯುತ್ತಿದ್ದ ಹುಡುಗಿ ಫೋನು ಕೆಳಗೆ ಹಾಕಿದಳು. ಅಷ್ಟಾದ ಮೇಲೂ ಬೀಳುವ ಮುಂಚಿನ ಚೂರನ್ನಷ್ಟೇ ನಿನಗೆ ಕಳಿಸಿದೆ. ಮಲಗಿಕೊಂಡು ಕಳಿಸಿದೆ. ಅಜ್ಜಿ ತಿನ್ನಲಿ, ಆಮೇಲೆ ಎಲ್ಲ ಹೇಳಿದರಾಯಿತು ಅಂದುಕೊಂಡೆ.

ನಮ್ಮ ಕೋಚ್ ಸಿದ್ದಾರೂಢ ಸರ್‌ಗೆ ಕೇಳದೆ, ಅವರು ಊರಿಗೆ ಹೋದ ದಿನ ನೋಡಿ ಮ್ಯಾಟ್ ಹಾಸಿದ್ದೆವು. ಅವರು ಬಂದು ಮೊಣಕಾಲು ಮುಟ್ಟಿ ನೋಡಿ, "ಯಾರಿಗೆ ತೋರಸಾಕ ಆಡಿದ್ಯವಾ?" ಎಂದರು. ಅಷ್ಟೇ. ಸುವರ್ಣಾ ಮೇಡಮ್ ಟವೆಲು ಮಡಚಿ ಕಪಾಟಿನಲ್ಲಿಟ್ಟರು. ಅದನ್ನು ನೋಡಿ ಅತ್ತೆ. ಬಿದ್ದಾಗ ಅತ್ತಿರಲಿಲ್ಲ.

ಎರಡನೇ ಸ್ಕ್ಯಾನಿನ ವಿಷಯ ನಿನಗೆ ಫೋನಿನಲ್ಲಿ ಅರ್ಧ ಹೇಳಿದ್ದೆ, ಪೂರ್ತಿ ಹೀಗಿದೆ. ಲಿಗಮೆಂಟ್ ಈಗ ಪೂರ್ತಿ ಹರಿದಿದೆ. ಎಲುಬುಗಳ ನಡುವಿನ ಮೆತ್ತನೆಯ ಗಾದಿ ಮಾತ್ರ ಹೇಗೋ ಉಳಿದಿದೆ. ಡಾಕ್ಟರ್ ಕಾಗದದ ಮೇಲೆ ಮೊಣಕಾಲಿನ ಚಿತ್ರ ಬರೆದು ತಿಳಿಸಿದರು. ಫಿಸಿಯೊಥೆರಪಿ ಒಂದರಲ್ಲೇ ನಾನು ನಡೆಯಬಹುದು, ಸೈಕಲ್ ಹೊಡೆಯಬಹುದು, ಎಲ್ಲರ ಹಾಗೆ ಬದುಕಬಹುದು. ಕುಸ್ತಿ ಬೇಕೆಂದರೆ ಆಪರೇಷನ್ ಮಾಡಿ ಹೊಸ ಕಟ್ಟು ಕೂರಿಸಬೇಕು, ಅದಾದ ಮೇಲೂ ವರ್ಷದ ಹತ್ತಿರ ಇದೇ ಟವೆಲು. ಅಷ್ಟಾದರೂ ಮೊದಲಿನ ಹಾಗೆ ಆಗುತ್ತದೆ ಎಂದು ಬರೆದುಕೊಡಲು ಬರುವುದಿಲ್ಲ ಎಂದರು. "ಯಾವುದು ಛಲೋ ಅಂತ ನನ್ನ ಕೇಳಬ್ಯಾಡಮ್ಮಾ. ನಿನಗೆ ಈ ಕಾಲು ಯಾತಕ್ಕ ಬೇಕು ಅದನ್ನ ಹೇಳು" ಅಂದರು. ನವೆಂಬರ್ ೨೫, ಸೋಮವಾರ ಹೋಗಿ ಹೇಳಬೇಕು.

ಅಜ್ಜಿಯ ನೇಮಕ್ಕೂ ಇದಕ್ಕೂ ಸಂಬಂಧ ಇಲ್ಲ ಎಂದು ಅಜ್ಜಿಗೆ ಹೇಳು. ಅವಳು ನಂಬುವ ಹಾಗೆ ಹೇಳು. ಆಪರೇಷನ್ ಬೇಡ ಎಂದರೆ ಅವಳು ಸಾಯುವ ತನಕ ಬೆಲ್ಲ ತಿನ್ನುವ ಹಾಗಿಲ್ಲ. ಇದು ತಲೆಯಿಂದ ಹೋಗುತ್ತಲೇ ಇಲ್ಲ ಮಮ್ಮಿ. ಬೇರೆ ಏನನ್ನೂ ಯೋಚಿಸಲು ಆಗುತ್ತಿಲ್ಲ.

ನಿನ್ನ,
ಬ್ರಾಹ್ಮಿ

*

ಜಮಖಂಡಿ
೧೦ ನವೆಂಬರ್ ೨೦೨೪

ಪ್ರೀತಿಯ ಬ್ರಾಹ್ಮಿ,

ನಿನ್ನ ಪತ್ರವನ್ನು ಅಜ್ಜಿಗೆ ಒಂದಕ್ಷರ ಬಿಡದೆ ಓದಿದೆ. ಕೊನೆಯ ಸಾಲುಗಳನ್ನು ಬಿಡಬೇಕೆಂದು ಮೊದಲೇ ಅಂದುಕೊಂಡಿದ್ದೆ, ಅಲ್ಲಿಗೆ ಬಂದಾಗ ಬಿಡಲಾಗಲಿಲ್ಲ. ಅಜ್ಜಿ ಕೇಳಿದ್ದು ಒಂದೇ: "ಮಹಾರಾಜರು ಎಲ್ಲಿ ಅದಾರ ಈಗ?"

ಅಜ್ಜಿ ಕೇಳಿದ ಮುನಿಗಳು ಈ ಸಲ ಚಾತುರ್ಮಾಸಕ್ಕೆ ತೇರದಾಳದ ಕಡೆಯ ಒಂದು ಬಸದಿಯಲ್ಲಿ ನಿಂತಿದ್ದರು. ದೀಪಾವಳಿಗೆ ಮುಂಚಿನ ಭಾನುವಾರ ಅಜ್ಜಿಯನ್ನು ಕರೆದುಕೊಂಡು ಹೋದೆ. ಅಜ್ಜಿ ದೂರದಲ್ಲಿ ಕೈಮುಗಿದು ಕೂತು ಎಲ್ಲವನ್ನೂ ಹೇಳಿದರು. ಬೆಲ್ಲ, ಮ್ಯಾಟು, ವಿಡಿಯೊ, ಹೋಳಿಗೆಯನ್ನು ಸೋಮವ್ವನಿಗೆ ಕೊಟ್ಟದ್ದನ್ನೂ. ಅಲ್ಲಿ ಕೂತಿದ್ದವರೆಲ್ಲ ಕೇಳುತ್ತಿದ್ದರು. ನನಗೆ ಸಂಕೋಚ, ಅವರಿಗಿಲ್ಲ.

ಮುನಿಗಳು ಕೇಳಿದರು: "ಬೆಲ್ಲ ಬಿಟ್ಟವರು ಯಾರವಾ?"

"ನಾ ರೀ ಮಹಾರಾಜ್."

"ಕುಸ್ತಿ ಆಡಾಕಿ?"

"ಮೊಮ್ಮಗಳ್ರಿ."

"ಹಂಗಾದ್ರ ನೇಮಾ ನಿನ್ನ ನಾಲಿಗಿಗೆ ಕಟ್ಟಬೇಕಾಗಿತ್ತು. ಆ ಹುಡುಗಿ ಮಣಕಾಲಿಗೆ ಯಾಕ ಕಟ್ಟಿದಿ?"

ಅಜ್ಜಿ ತಲೆ ತಗ್ಗಿಸಿದರು. ಹಿಡಿದ ನೇಮವನ್ನು ಹಾಗೇ ಬಿಡಲು ಬರುವುದಿಲ್ಲ, ಪ್ರಾಯಶ್ಚಿತ್ತ ಕೊಡಿ ಎಂದು ಬೇಡಿಕೊಂಡರು. ದೀಪಾವಳಿಯ ನಿರ್ವಾಣ ಪೂಜೆಯವರೆಗೆ ಬೆಲ್ಲ ಬಿಡು, ದಿನಕ್ಕೊಂದು ಜಪಮಾಲೆ ಹೆಚ್ಚಿಗೆ ಮಾಡು, ಆಮೇಲೆ ಮೊಮ್ಮಗಳು ಏನೇ ಮಾಡಲಿ, ನಿನ್ನ ನೇಮ ಮುಗಿಯಿತು ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಅಜ್ಜಿ ಕಿಟಕಿಯ ಕಡೆಯೇ ನೋಡುತ್ತ ಕೂತಿದ್ದರು. ರಬಕವಿ ದಾಟಿದ ಮೇಲೆ, "ಪ್ರೀತಿಲೆ ಕಟ್ಟಿದೆ ಅಂಜನಾ. ಅದು ಹಗ್ಗಾ ಆತು" ಎಂದರು.

ನನಗೂ ಅದು ತಾಗಿತು. ಯಾಕೆಂದು ಇನ್ನೊಮ್ಮೆ ಬರೆಯುತ್ತೇನೆ.

ಮೊನ್ನೆ ಚಿಮ್ಮಡದ ಹೊಳಬಸಪ್ಪನವರ ಗಾಣದಿಂದ ಪಪ್ಪಾ ಹೊಸ ಬೆಲ್ಲ ತಂದರು. ಇನ್ನೂ ಬಿಸಿ ಆರಿರಲಿಲ್ಲ. ಕೆಳಗಿನದು ಅಜ್ಜಿಯ ಮಾತು, ಹೇಳಿದ ಹಾಗೆ:

"ಯವ್ವಾ, ಬೆಲ್ಲಾ ತಿಂದೆ. ಎರಡ ಸಲ ತಿಂದೆ. ಈ ವರ್ಷದ ಬೆಲ್ಲ ಭಾಳ ಛಲೋ ಬಂದೈತಿ. ಕುಸ್ತಿ ಆಡಿದರೂ ನಾ ತಿಂತೇನಿ, ಆಡದಿದ್ರೂ ತಿಂತೇನಿ. ಇನ್ನ ನಿನ್ನ ಕಾಲು ನಿನ್ನದು. ನನ್ನ ಕಡೆ ನೋಡಬ್ಯಾಡ."

ಈ ಸಲ ಒಂದು ವಾಕ್ಯವೂ ಸುಳ್ಳಲ್ಲ. ತಿನ್ನುವಾಗ ಪಕ್ಕದಲ್ಲೇ ಇದ್ದೆ.

ನಿನ್ನ,
ಮಮ್ಮಿ

*

ಧಾರವಾಡ
೧೬ ನವೆಂಬರ್ ೨೦೨೪

ಪ್ರೀತಿಯ ಮಮ್ಮಿ,

ಅಜ್ಜಿಯ ಸಾಲುಗಳನ್ನು ಕಾವೇರಿಗೆ ಓದಿ ಹೇಳಿದೆ. "ನಿಮ್ಮಜ್ಜಿನ್ನ ಕರ್ಕೊಂಡು ಬಾರಲೇ, ಆಕಿನ್ನ ಮ್ಯಾಟಿಗೆ ಇಳಸೂಣು" ಎಂದಳು. ಬಹಳ ದಿನಗಳ ಮೇಲೆ ಚೆನ್ನಾಗಿ ನಿದ್ದೆ ಮಾಡಿದೆ.

ಎದ್ದ ಮೇಲೆ ಗೊತ್ತಾಯಿತು, ಈಗ ಇನ್ನೂ ಕಷ್ಟ. ಅಜ್ಜಿಗಾಗಿ ಎಂದು ಯೋಚಿಸುವಾಗ ದಾರಿ ಒಂದೇ ಇತ್ತು. ಈಗ ನನಗಾಗಿ ಯೋಚಿಸಬೇಕು. ಒಂದು ದಿನ ಆಪರೇಷನ್ ಅನಿಸುತ್ತದೆ. ಮರುದಿನ ಮೆಟ್ಟಿಲು ಇಳಿಯುವಾಗ, ಇಷ್ಟು ನಡೆದರೆ ಸಾಕಲ್ಲ ಅನಿಸುತ್ತದೆ.

ಅಜ್ಜಿ ಹೇಳಿಯಾಯಿತು, ಪಪ್ಪಾ ಹೇಳುವುದಿಲ್ಲ. ನೀನೊಬ್ಬಳೇ ಉಳಿದಿದ್ದೀಯ. ಬೆಳಗಾವಿಯಲ್ಲಿ ನನ್ನ ನೋಟದ ಅರ್ಥ ಕೇಳಿದ್ದೆಯಲ್ಲ, ಅವತ್ತು ಕಾಲು ನೋಯುತ್ತಿದ್ದದ್ದು ಖರೆ. ಆದರೆ ಮಮ್ಮಿ ಇಷ್ಟು ಬೇಗ ಯಾಕೆ ಉತ್ತರ ಕೊಟ್ಟಳು ಎಂದೂ ನೋಡುತ್ತಿದ್ದೆ.

ನಿನಗೆ ಏನು ಅನಿಸುತ್ತದೆ, ಖರೆ ಹೇಳು.

ನಿನ್ನ,
ಬ್ರಾಹ್ಮಿ

*

ಜಮಖಂಡಿ
೨೩ ನವೆಂಬರ್ ೨೦೨೪, ಶನಿವಾರ

ಪ್ರೀತಿಯ ಬ್ರಾಹ್ಮಿ,

ಖರೆ ಕೇಳಿದ್ದೀಯ. ನಾಳೆ ಭಾನುವಾರ ಫೋನಿನಲ್ಲಿ ಮತ್ತೆ ಕೇಳುತ್ತೀಯ ಎಂದು ಗೊತ್ತು. ಬರೆದಿಟ್ಟಿದ್ದೇನೆ, ಅಂಚೆಯಲ್ಲಿ ಬರುತ್ತದೆ ಎಂದಷ್ಟೇ ಹೇಳುತ್ತೇನೆ. ನಿನಗೆ ಸಿಟ್ಟು ಬರಬಹುದು. ಬರಲಿ.

ನನಗೆ ಬೇಕಾದದ್ದೇ ಬೇರೆ, ನನಗೆ ತೋಚುವುದೇ ಬೇರೆ. ಇಷ್ಟು ದಿನ ಅವೆರಡನ್ನೂ ಒಂದೇ ಎಂದುಕೊಂಡಿದ್ದೆ.

ನನಗೆ ಬೇಕಾದದ್ದು ನೀನು ಕುಸ್ತಿ ಬಿಡುವುದು. ಮುಧೋಳದಲ್ಲಿ ನಿನ್ನ ಪಾದ ಮ್ಯಾಟಿನಲ್ಲೇ ನಿಂತು ಮೈ ಮಾತ್ರ ತಿರುಗಿದ್ದನ್ನು ನಾನು ಮೊದಲ ಸಾಲಿನಲ್ಲಿ ಕೂತು ನೋಡಿದೆ. ಅಂದಿನಿಂದ ನಿನ್ನನ್ನು ಮೆಟ್ಟಿಲು ಹತ್ತುವ, ಬಸ್ಸು ಹತ್ತುವ, ಎಂದೂ ಬೀಳದ ಹುಡುಗಿಯಾಗಿ ಮಾತ್ರ ಯೋಚಿಸಿದ್ದೇನೆ. ಡಾಕ್ಟರ ಮುಂದೆ "ಫಿಸಿಯೊಥೆರಪಿನೇ ಸಾಕು" ಎಂದಾಗ ನನ್ನ ಮನಸ್ಸಿನಲ್ಲಿದ್ದದ್ದು "ಕುಸ್ತಿ ಸಾಕು" ಎಂಬುದು. ನಿನಗೆ ಅದು ಆಗಲೇ ಕೇಳಿಸಿತ್ತು, ನನಗೆ ಈಗ ಕೇಳಿಸುತ್ತಿದೆ. ಅಜ್ಜಿ ಎಲ್ಲರಿಗೂ ತಿಳಿಯುವ ಹಾಗೆ ನೇಮ ಹಿಡಿದರು, ನಾನು ಯಾರಿಗೂ ಹೇಳದೆ ಹಿಡಿದಿದ್ದೆ. ಇಬ್ಬರೂ ಕಟ್ಟಿದ್ದು ಒಂದೇ ಮೊಣಕಾಲಿಗೆ, ಎಳೆದದ್ದು ಎರಡು ದಿಕ್ಕಿಗೆ. ಮಹಾರಾಜರು ಅಜ್ಜಿಗೆ ಹೇಳಿದಾಗ ನಾನೂ ತಲೆ ತಗ್ಗಿಸಿದ್ದು ಅದಕ್ಕೇ.

ಇನ್ನು ನನಗೆ ತೋಚುವುದು. ಆ ವಿಡಿಯೊವನ್ನು ಮೊಣಕಾಲಿಗಾಗಿ ಎಷ್ಟೋ ಸಲ ನೋಡಿದ್ದೆ. ನಿನ್ನ ಪತ್ರ ಬಂದ ಮೇಲೆ ಮುಖಕ್ಕಾಗಿ ಒಮ್ಮೆ ನೋಡಿದೆ. ಕಾವೇರಿಯನ್ನು ಎತ್ತಿದ ಆ ಗಳಿಗೆಯಲ್ಲಿ, ಇನ್ನೂ ತಿರುಗುವ ಮೊದಲು, ನಿನ್ನ ಮುಖ ನಮಗೆ ತೋರಿಸಲು ಮಾಡಿದ ಮುಖವಲ್ಲ. ಕ್ಯಾಮೆರಾ, ಅಜ್ಜಿ, ಬೆಲ್ಲ, ಯಾವುದೂ ಅಲ್ಲಿ ನೆನಪಿನಲ್ಲಿಲ್ಲ. ಆ ಮುಖವನ್ನು ನಾನು ಈ ಮನೆಯಲ್ಲಿ ನೋಡಿಲ್ಲ, ನಿನ್ನ ಫಲಿತಾಂಶದ ದಿನವೂ ನೋಡಿಲ್ಲ. ಆ ಮುಖ ಇರುವವಳು ಆಪರೇಷನ್ ಮಾಡಿಸಿಕೊಂಡು, ವರ್ಷವಿಡೀ ಟವೆಲು ಒತ್ತಬೇಕು ಎಂದು ನನಗೆ ತೋಚುತ್ತದೆ. ಇದನ್ನು ಬರೆಯುವಾಗಲೂ ನನಗೆ ಬೇಕಾದದ್ದು ಇದಲ್ಲ. ಆದರೂ ತೋಚುವುದು ಅದೇ.

ಆದರೆ ಅದು ಕ್ಷಣದ ಒಂದು ಚೂರಿನಿಂದ ನಾನು ಊಹಿಸಿದ್ದು. ಆ ಮೊಣಕಾಲಿನ ಒಳಗೆ ಇರುವವಳು ನೀನು. ಸೋಮವಾರ ಡಾಕ್ಟರಿಗೆ ನೀನು "ಬೇಡ, ನಡೆದರೆ ಸಾಕು" ಎಂದಿದ್ದರೆ ಈ ಪತ್ರವನ್ನು ಆಕ್ಷೇಪಣೆ ಎಂದು ಓದಬೇಡ. ಅದೂ ಒಂದು ಇಡೀ ಬದುಕು, ಅರ್ಧದ್ದಲ್ಲ. ಕಾಲೇಜಿನಲ್ಲಿ ಡಿಸೆಂಬರಿಗೆ ರಜೆ ಕೇಳಿದ್ದೇನೆ. ಯಾಕೆ ಎಂದು ಪ್ರಿನ್ಸಿಪಾಲರು ಕೇಳಿದಾಗ ಮಗಳಿಗೆ ಎಂದೆ, ಬೇರೇನೂ ಹೇಳಲಿಲ್ಲ. ಆಪರೇಷನ್ ಆದರೆ ಆಸ್ಪತ್ರೆಯಲ್ಲಿ ನಿನ್ನ ಪಕ್ಕ ಇರುತ್ತೇನೆ. ಆಗದಿದ್ದರೆ ಕಾವೇರಿಯ ಊರು ಗಲಗಲಿಗೆ ಹೋಗಿ, ಹೊಳೆಯ ದಂಡೆಯಲ್ಲಿ ನಿನ್ನ ಜೊತೆ ನಿಧಾನಕ್ಕೆ ನಡೆಯುತ್ತೇನೆ. ಎರಡಕ್ಕೂ ಒಂದೇ ರಜೆ.

ಅಜ್ಜಿ ಬಾಗಿಲಲ್ಲಿ ನಿಂತು, "ಬರದು ಮುಗೀತಿಲ್ಲೋ? ಡಬ್ಬಿಗೆ ಹಾಕಿ ಬರಬಾರದೇನ" ಎನ್ನುತ್ತಿದ್ದಾರೆ. ಇಂದು ಹಾಕುವುದಿಲ್ಲ ಎಂದೆ. ಯಾಕೆ ಎಂದು ಕೇಳಿದರು. ನಮ್ಮಿಬ್ಬರ ಹಗ್ಗವೂ ಬಿಚ್ಚಿದ ಮೇಲೆ ಅವಳು ಒಂದು ಸಲ ತಾನೇ ನಿಂತು ಹೇಳಲಿ, ಆಮೇಲೆ ನನ್ನ ಮಾತು ಹೋಗಲಿ ಎಂದೆ. "ಹಂಗಾದ್ರ ಬೆಲ್ಲಾನೂ ಅವತ್ತ ಕಳಸೂಣಂತ" ಎಂದು ಒಳಗೆ ಹೋದರು.

ನೀನು ಡಾಕ್ಟರಿಗೆ ಹೇಳುವುದು ಸೋಮವಾರ.

ನಿನ್ನ ಮಮ್ಮಿ,
ಅಂಜನಾ

ಅಂಚೆಗೆ ಹಾಕುವ ದಿನ: ಮಂಗಳವಾರ, ೨೬ ನವೆಂಬರ್ ೨೦೨೪